ಹಾಲಿರುವ ಬೆಕ್ಕು ಬೇಕಾಗಿದೆ

ಗಾಡಿ ಕಲ್ಯಾಣ್ ಬಿಟ್ಟು ಠಾಕುರ್ಲಿ ದಾಟುವಷ್ಟರಲ್ಲಿ ಫೋನು ಒಮ್ಮೆ ನಡುಗಿತು. ವಾರಿಜಾ ಲಗೇಜ್ ಡಬ್ಬಿಯ ಗೋಡೆಗೆ ಬೆನ್ನು ಕೊಟ್ಟು, ಎರಡು ಕಾಲುಗಳ ನಡುವೆ ಪಂಜರ ಇಟ್ಟುಕೊಂಡು ನಿಂತಿದ್ದಳು. ಪಂಜರಕ್ಕೆ ಹಳೆಯ ಸೀರೆಯ ತುಂಡು ಹೊದಿಸಿತ್ತು. ಬಟ್ಟೆ ಹೊದಿಸಿದರೆ ಬೆಕ್ಕು ಸುಮ್ಮನಾಗುತ್ತದೆ. ಕತ್ತಲಾದೊಡನೆ ತಾನು ಯಾರಿಗೂ ಕಾಣುವುದಿಲ್ಲ ಎಂದುಕೊಳ್ಳುತ್ತದೆ. ಹೊಸಬರಿಗೆ ಅವಳು ಹೇಳಿಕೊಡುವ ಮೊದಲ ಪಾಠ ಅದು. ಮೀನಿನ ಬುಟ್ಟಿಯವಳೊಬ್ಬಳು ಕಾಲು ಚಾಚಲು ಜಾಗ ಕೇಳಿದಾಗ ಪಂಜರವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಫೋನು ತೆರೆದಳು. ಬೀದಿಬೆಕ್ಕುಗಳನ್ನು ನೋಡಿಕೊಳ್ಳುವವರ ಗುಂಪು. ಥಾಣೆಯಿಂದ ಪನವೇಲ್‌ವರೆಗಿನ ಇನ್ನೂರ ಹನ್ನೆರಡು ಜನ. ಬರೆದವಳು ಅಮಿತಾ, ಆರು ತಿಂಗಳಿಂದ ಅಲ್ಲಿ ಒಂದಕ್ಷರ ಬರೆಯದಿದ್ದವಳು. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಬರೆದಿದ್ದಳು. ತುರ್ತಾಗಿ ಹಾಲಿರುವ ಬೆಕ್ಕು ಬೇಕಾಗಿದೆ. ಕೋಪರಿಯಲ್ಲಿ ಮುಚ್ಚಿದ ಹಿಟ್ಟಿನ ಗಿರಣಿಯ ಹಿಂದೆ, ಗೋಣಿಚೀಲಗಳ ನಡುವೆ, ನಿನ್ನೆ ಸಂಜೆ ಮೂರು ವಾರದ ಐದು ಮರಿ ಸಿಕ್ಕವು. ಎರಡು ಸತ್ತಿದ್ದವು. ಉಳಿದ ಮೂರು ಸೀವುಡ್ಸ್‌ನಲ್ಲಿ ನನ್ನ ಮನೆಯಲ್ಲಿವೆ, ಬಾಟಲಿ ಹಿಡಿಯುತ್ತಿಲ್ಲ. ತಾಯಿ ಸೋಮವಾರದಿಂದ ಕಾಣೆಯಂತೆ. ಕೆಳಗೆ ಫೋಟೋ. ಸಮಯ ಒಂಬತ್ತು ಹದಿನಾಲ್ಕು.

ತಾಯಿ ಅವಳ ಕಾಲುಗಳ ನಡುವೆ ಇತ್ತು.

ಫೋಟೋವನ್ನು ಹಿಗ್ಗಿಸಿ ನೋಡಲಿಲ್ಲ. ಹಿಗ್ಗಿಸದಿದ್ದರೂ ಪಟ್ಟೆಗಳು ಕಾಣುತ್ತಿದ್ದವು. ಗಿರಣಿಯ ಹಿಂದೆ ಒಂದೇ ಬಣ್ಣದ ಅಕ್ಕತಂಗಿ ಬೆಕ್ಕುಗಳು ಎರಡು. ಒಂದರ ಬಾಲದ ತುದಿ ಸೊಟ್ಟ. ಅದು ಮರಿ ಹಾಕಿದೆಯೆಂದು ಅವಳಿಗೆ ಗೊತ್ತಿತ್ತು, ಎಲ್ಲಿ ಹಾಕಿದೆಯೆಂದು ಗೊತ್ತಿರಲಿಲ್ಲ; ಹಿಡಿದು ಆಪರೇಷನ್ ಮಾಡಿಸಬೇಕಾಗಿದ್ದದ್ದು ಇನ್ನೊಂದಕ್ಕೆ. ನಿಯಮದಂತೆ ಭಾನುವಾರ ಎರಡಕ್ಕೂ ಊಟ ಹಾಕಲಿಲ್ಲ, ಹಸಿದರೆ ಮಾತ್ರ ಬೆಕ್ಕು ಪಂಜರದೊಳಗೆ ಬರುತ್ತದೆ. ಸೋಮವಾರ ಬೆಳಿಗ್ಗೆ ಆರಕ್ಕೆ ಬಂಗುಡೆ ಮೀನಿನ ತುಂಡು ಇಟ್ಟು, ಆರು ವರ್ಷಗಳಿಂದ ಕರೆಯುವಂತೆಯೇ ತುಳುವಿನಲ್ಲಿ, "ಬಲ ಪುಚ್ಚೆ, ಬಲ" ಎಂದು ಕರೆದಳು. ಹಾಲೂಡುವ ಬೆಕ್ಕಿನ ಹಸಿವು ಬೇರೆ ಬೆಕ್ಕಿನ ಹಸಿವಿನ ಎರಡರಷ್ಟು, ಆದ್ದರಿಂದ ಅದೇ ಮೊದಲು ಬಂತು. ಬಾಗಿಲು ಬಿದ್ದ ಸದ್ದಿಗೆ ಓಡಿಬಂದು ಬಟ್ಟೆ ಹೊದಿಸಿದಳು. ಬಾಲ ನೋಡಲಿಲ್ಲ, ಪಂಜರ ಎತ್ತಿ ಅಡಿಯಿಂದ ಹೊಟ್ಟೆ ನೋಡಲಿಲ್ಲ. ಎಲ್ಲವನ್ನೂ ಕ್ರಮವಾಗಿ ಮಾಡಿದ್ದಳು, ಅದೇ ಕ್ರಮ ಅವಳ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಶಹಾಡ್‌ನ ಕ್ಲಿನಿಕ್ಕಿನಲ್ಲಿ ಬಟ್ಟೆ ಸರಿಸದೆ ಪಂಜರ ಒಪ್ಪಿಸಿ, ಹನ್ನೊಂದಕ್ಕೆಲ್ಲ ಮನೆಗೆ ಬಂದು ಸ್ನಾನ ಮಾಡಿ ಮಲಗಿದ್ದಳು.

ಅಂದು ಸಂಜೆ ಐದಕ್ಕೆ ಕ್ಲಿನಿಕ್ಕಿನ ಸಹಾಯಕ ಮನೀಶ್ ಫೋನು ಮಾಡಿದ. "ಆಂಟಿ, ಇಸ್ಕೋ ತೋ ದೂಧ್ ಹೈ. ಡಾಕ್ಟರ್ ಪಕ್ಕೆಯಿಂದ ಕೊಯ್ದು ಮಾಡಿದ್ರು, ಹಾಲಿಗೆ ತೊಂದ್ರೆ ಇಲ್ಲ. ಬಚ್ಚೇ ಹೈಂ ಕ್ಯಾ? ಇದ್ರೆ ನಾಳೆ ಬೆಳಿಗ್ಗೇನೇ ಒಯ್ಯಿರಿ." ಬಳ್ಳಾರಿಯ ತಾಯಿಯಿಂದ ಕಲಿತ ಅರ್ಧ ಕನ್ನಡವನ್ನು ಅವನು ಅವಳೊಡನೆ ಮಾತ್ರ ಬಳಸುತ್ತಿದ್ದ. ಅವನು ಸುಮ್ಮನೆ ಕೇಳಿದ್ದ, ದೂರಿರಲಿಲ್ಲ. ಹಿಂದಿನಿಂದ ಯಾರೋ ನಗುತ್ತಿದ್ದದ್ದು ಕೇಳಿಸುತ್ತಿತ್ತು, ಬೇರೆ ಯಾವುದಕ್ಕೋ. ಆ ನಗು ನಿಲ್ಲುವ ಮುನ್ನವೇ ಅವಳ ಬಾಯಿ, "ಇಲ್ಲ ಮನೀಶ್, ಮರಿಗಳು ದೊಡ್ಡವಾಗಿದ್ದಾವೆ, ಬಿಟ್ಟು ಹೋಗಿದ್ದಾವೆ" ಎಂದಿತು. ಯೋಚಿಸಿ ಹೇಳಿದ ಸುಳ್ಳಾಗಿದ್ದರೆ ತಿದ್ದಬಹುದಿತ್ತು. ಇದು ಕೆಮ್ಮಿನಂತೆ ಬಂದದ್ದು. ಫೋನಿಟ್ಟ ಮೇಲೆ ಗಿರಣಿಯ ಹಿಂದೆ ಹೋಗಿ ಅರ್ಧ ಗಂಟೆ ಹುಡುಕಿದಳು. ಪುಟ್ಟ ಮರಿಗಳು ಅಪರಿಚಿತ ಹೆಜ್ಜೆಗೆ ಉಸಿರು ಬಿಡುವುದಿಲ್ಲ, ಅದೂ ಅವಳೇ ಎಷ್ಟೋ ಜನಕ್ಕೆ ಹೇಳಿದ ಮಾತು. ಗೋಣಿಚೀಲಗಳನ್ನು ಮಾತ್ರ ಎತ್ತಿ ನೋಡಲಿಲ್ಲ. ಎತ್ತಿದ್ದರೆ ಸಿಗುತ್ತಿದ್ದವು, ಸಿಕ್ಕಿದ್ದರೆ ಮನೀಶನಿಗೆ ಮರುದಿನವೇ ಫೋನು ಮಾಡಬೇಕಾಗುತ್ತಿತ್ತು. ಮಂಗಳವಾರ ಹೋಗಬಹುದಿತ್ತು, ಬುಧವಾರವೂ ಹೋಗಬಹುದಿತ್ತು. ಆಪರೇಷನ್ ಆದ ಬೆಕ್ಕನ್ನು ಮೂರು ದಿನ ಕ್ಲಿನಿಕ್ಕಿನಲ್ಲಿ ಇಡುವುದು ವಾಡಿಕೆ. ಅವಳು ವಾಡಿಕೆಯಂತೆ ಗುರುವಾರ ಹೋದಳು.

ಡೊಂಬಿವಲಿಯಲ್ಲಿ ಜನ ನುಗ್ಗಿದರು. ಗುಂಪಿನಲ್ಲಿ ಅಮಿತಾಳ ಸಂದೇಶದ ಕೆಳಗೆ ಕಣ್ಣೀರಿನ ಚಿತ್ರಗಳು, ಡಾಕ್ಟರುಗಳ ಹೆಸರು, ಮೇಕೆ ಹಾಲು ಕೊಡಿ ಎನ್ನುವವರು, ಮೇಕೆ ಹಾಲು ಕೊಡಲೇಬೇಡಿ ಎನ್ನುವವರು. ಆರು ತಿಂಗಳ ಹಿಂದೆ ಇದೇ ಜಾಗದಲ್ಲಿ ವಾರಿಜಾ ಬರೆದದ್ದು ಹೀಗಿತ್ತು: ಪಂಜರ ಎತ್ತಿ ಹೊಟ್ಟೆ ನೋಡದವರು ಪಂಜರ ಮುಟ್ಟಬಾರದು, ಇದು ಪ್ರೀತಿಯಲ್ಲ, ಶೋಕಿ. ನೆರೂಳ್‌ನ ನಾಲೆಯ ಬಳಿ ಅಮಿತಾ ಹಿಡಿದ ಬೆಕ್ಕು ಹಾಲೂಡುತ್ತಿತ್ತು. ನಾಲ್ಕು ಮರಿಗಳು ಪೈಪಿನೊಳಗೆ ಒಣಗಿ ಸಿಕ್ಕಿದ್ದವು. ಅಮಿತಾ ತಾನಾಗಿಯೇ ಗುಂಪಿನಲ್ಲಿ ಹೇಳಿಕೊಂಡಿದ್ದಳು, ಯಾರೂ ಪತ್ತೆ ಹಚ್ಚಿರಲಿಲ್ಲ. ಮೈಸೂರಿನವರ ಮಗಳು, ಇಪ್ಪತ್ತೊಂಬತ್ತು ವರ್ಷ, ಯಾವುದೋ ಫೈನಾನ್ಸ್ ಕಂಪನಿಗೆ ಮನೆಯಿಂದಲೇ ಕೆಲಸ. ಕನ್ನಡ ಬರುತ್ತದೆಂದು ತಿಳಿದ ದಿನ ವಾರಿಜಾಗೆ ಎಷ್ಟು ಸಂತೋಷವಾಗಿತ್ತು! ಬಾಗಿಲಿನ ಸ್ಪ್ರಿಂಗಿಗೆ ಎಣ್ಣೆ ಹಾಕುವುದರಿಂದ ಹಿಡಿದು, ಆಪರೇಷನ್ ಆದ ಗುರುತಿಗೆ ಎಡಗಿವಿಯ ತುದಿ ಕತ್ತರಿಸಿದೆಯೋ ಇಲ್ಲವೋ ನೋಡುವವರೆಗೆ ಎಲ್ಲವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಳು. ಆದ್ದರಿಂದಲೇ ಬೈಗುಳ ಅಷ್ಟು ಖಾರವಾಯಿತು ಎಂದು ಆಗ ಅಂದುಕೊಂಡಿದ್ದಳು. ಅರವತ್ತೊಂದು ಜನ ಮೆಚ್ಚುಗೆಯ ಹೆಬ್ಬೆರಳು ಒತ್ತಿದರು. ಎಣಿಸಿದ್ದಳು. ಅಮಿತಾ "ಸಾರಿ ಆಂಟಿ" ಎಂದು ಬರೆದು, ಆಮೇಲೆ ಎರಡು ಸಲ ಫೋನು ಮಾಡಿದ್ದಳು. ಪರದೆಯ ಮೇಲೆ ಹೆಸರು ಮಿನುಗುವುದನ್ನು ನೋಡುತ್ತ ವಾರಿಜಾ ಕೊತ್ತಂಬರಿ ಸೋಸುತ್ತಿದ್ದಳು.

ಮುಂಬ್ರಾದ ಹತ್ತಿರ ಸೋನಾಲಿ ಎನ್ನುವವಳ ಪ್ರಶ್ನೆ ಬಂತು. ಕಲ್ವಾದವಳು, ಎಲ್ಲದರಲ್ಲೂ ಮುಂದೆ. "ವಾರಿಜಾ ಆಂಟಿ, ಕೋಪರಿ ಆಪ್‌ಕಾ ಏರಿಯಾ ಹೈ ನಾ? ಆಪ್‌ಕೋ ಪತಾ ಹೋಗಾ." ಅದರ ಮುಂದೆ ಮುಗಿದ ಕೈಗಳು. ಇನ್ನೂರ ಹನ್ನೆರಡು ಜನರ ಮುಂದೆ ಹೆಸರು ಹಿಡಿದು ಕೂಗಿದಂತಾಯಿತು. "ನೋಡುತ್ತೇನೆ, ಹೊರಗಿದ್ದೇನೆ" ಎಂದು ಬರೆದಳು. ಎರಡೂ ನಿಜವೇ.

ಥಾಣೆಯಲ್ಲಿ ಇಳಿದಾಗ ಗಡಿಯಾರ ಒಂಬತ್ತು ನಲವತ್ತೊಂದು ತೋರಿಸುತ್ತಿತ್ತು. ಪನವೇಲ್ ಗಾಡಿ ಹೊರಡುವ ಪ್ಲಾಟ್‌ಫಾರ್ಮು ಕೋಪರಿ ಕಡೆಗೇ ಇದೆ, ಮನೆಗೆ ಹೋಗುವ ದಾರಿಯಲ್ಲೇ. ಗಾಡಿ ನಿಂತೂ ಇತ್ತು. ಹತ್ತಿ ಕೂತರೆ ಮುಕ್ಕಾಲು ಗಂಟೆಯಲ್ಲಿ ಸೀವುಡ್ಸ್. ಬೆಕ್ಕು ದಾರಿಯಲ್ಲಿ ಸಿಕ್ಕಿತು ಎನ್ನಬಹುದೇ? ಎಡಗಿವಿಯ ತುದಿ ಹಸಿಯಾಗಿಯೇ ಇದೆ, ಪಕ್ಕೆಯಲ್ಲಿ ಬೋಳಿಸಿದ ಚೌಕ, ಅದರ ನಡುವೆ ಹೊಲಿಗೆ. ಬೇರೆ ಯಾರೋ ಹಿಡಿದದ್ದು ಎನ್ನಬಹುದೇ? ಕೋಪರಿಯಲ್ಲಿ ಬೇರೆ ಯಾರೂ ಇಲ್ಲವೆಂದು ಅವಳೇ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಳು. ಹೀಗೆ ಒಂದೊಂದೇ ಸುಳ್ಳನ್ನು, ಅಂಗಡಿಯಲ್ಲಿ ಚಪ್ಪಲಿ ಹಾಕಿ ನೋಡುವಂತೆ, ಹಾಕಿ ನೋಡಿ ತೆಗೆದಿಡುತ್ತಿದ್ದಾಗ ಗಾಡಿ ಹೊರಟಿತು. ಇನ್ನೊಂದು ಹದಿನೈದು ನಿಮಿಷಕ್ಕಿತ್ತು. ಅವಳು ಮೆಟ್ಟಿಲು ಹತ್ತಿದಳು.

ಗಿರಣಿಯ ಹಿಂದೆ ಗೋಣಿಚೀಲಗಳನ್ನು ಯಾರೋ ಎಳೆದು ಬಿಸಿಲಿಗೆ ಹರಡಿದ್ದರು. ನೆಲದಲ್ಲಿ ಮರಿಗಳಿದ್ದ ಗುಂಡಿ, ಒಂದು ತಟ್ಟೆಯಷ್ಟು ಅಗಲ. ಪಂಜರ ಕೆಳಗಿಟ್ಟಾಗ ದಾರಿಯುದ್ದಕ್ಕೂ ಸುಮ್ಮನಿದ್ದ ಬೆಕ್ಕು ಬಟ್ಟೆಯೊಳಗಿಂದ ದನಿ ತೆಗೆಯಿತು. ಹಸಿವಿನ ಕೂಗಲ್ಲ, ಸಿಟ್ಟಿನದ್ದಲ್ಲ. ಗಂಟಲಲ್ಲೇ ಸುತ್ತುವ, ಪ್ರಶ್ನೆಯಂಥ ಸಣ್ಣ ಸದ್ದು. ತಾಯಿ ಮರಿಗಳನ್ನು ಕರೆಯುವಾಗ ಮಾತ್ರ ತೆಗೆಯುವ ದನಿ. ಕರೆದು, ನಿಲ್ಲಿಸಿ, ಕೇಳಿಸಿಕೊಂಡು, ಮತ್ತೆ ಕರೆಯಿತು. ವಾರಿಜಾ ಚಿಲಕದ ಮೇಲೆ ಬೆರಳಿಟ್ಟಳು. ಇಲ್ಲಿಯೇ ಬಿಟ್ಟರೆ ಮುಗಿಯಿತು. ಆಪರೇಷನ್ ಆದ ಬೆಕ್ಕನ್ನು ಹಿಡಿದ ಜಾಗದಲ್ಲೇ ಬಿಡಬೇಕು, ಅದು ನಿಯಮ. ಯಾವ ಬಾಯಿಯೂ ಅವಳನ್ನು ಕೇಳುವಂತಿಲ್ಲ. ಒಮ್ಮೆ ಬಿಟ್ಟರೆ ಇದು ತಿಂಗಳುಗಟ್ಟಲೆ ಮತ್ತೆ ಪಂಜರದ ಹತ್ತಿರ ಸುಳಿಯುವುದಿಲ್ಲ. ಸೀವುಡ್ಸ್‌ನ ಮೂರಕ್ಕೆ ಹಾಲಿಲ್ಲ. ಬೆರಳು ಚಿಲಕದ ಮೇಲೇ ಇತ್ತು. ಚಿಲಕ ಎತ್ತಲೂ ಇಲ್ಲ, ಬೆರಳು ತೆಗೆಯಲೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಪಂಜರ ಹೊತ್ತು ಮನೆಗೆ ನಡೆದಳು. ಬಿಡಲಿಲ್ಲವಲ್ಲ ಎಂದು ತನ್ನನ್ನು ತಾನೇ ಸ್ವಲ್ಪ ಮೆಚ್ಚಿಕೊಂಡಳು ಕೂಡ.

ಗಂಡ ರಘುಪತಿ ಹನ್ನೊಂದರ ಪಾಳಿಗೆ ಹೊರಡಲು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ನೌಪಾಡದ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಮ್ಯಾನೇಜರು. ಬೆಕ್ಕುಗಳ ವಿಷಯದಲ್ಲಿ ಅವನಿಗೆ ದ್ವೇಷವೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಪಂಜರ ಬಚ್ಚಲಿನ ಬಾಗಿಲಲ್ಲಿ ಇಟ್ಟದ್ದನ್ನು ನೋಡಿ, "ಎಂತ, ಬಾಣಂತಿಗೆ ಇಲ್ಲೇ ಕೋಣೆಯಾ?" ಎಂದ.

ಅವಳು ಪಂಜರದ ಬಟ್ಟೆಯನ್ನು ಇನ್ನಷ್ಟು ಕೆಳಕ್ಕೆ ಎಳೆದಳು. "ಯಾರು ಹೇಳಿದ್ದು ಬಾಣಂತಿ ಅಂತ?"

"ಯಾರೂ ಹೇಳ್ಲಿಲ್ಲ ಮಾರಾಯ್ತಿ. ಆಪರೇಷನ್ ಆಗಿ ಬಂದದ್ದಲ್ಲವಾ, ತಮಾಷೆಗೆ ಹೇಳಿದೆ."

"ಸೀವುಡ್ಸ್‌ನಲ್ಲಿ ಒಬ್ಬಳು ಹುಡುಗಿಗೆ ಹಾಲಿರುವ ಪುಚ್ಚೆ ಬೇಕಂತೆ. ಮರಿ ಸಾಯ್ತಾ ಉಂಟಂತೆ."

"ಇದಕ್ಕೆ ಹಾಲು ಉಂಟಾ?"

"ಉಂಟು."

"ಮತ್ತೆಂತ? ಕೊಟ್ಟು ಬಾ."

"ಅಷ್ಟು ಸುಲಭ ಅಲ್ಲ. ಬೇರೆಯವರ ಮರಿಯನ್ನು ಇದು ಹತ್ತಿರ ಸೇರಿಸದಿದ್ದರೆ? ಹೊಲಿಗೆ ಬಿಚ್ಚಿದರೆ? ಗಾಡಿಯಲ್ಲಿ ಇಷ್ಟು ಜನ. ನಾನು ಹೋದರೆ ಅವರೆಲ್ಲ ನೂರು ಮಾತು ಕೇಳ್ತಾರೆ. ಇಷ್ಟು ವರ್ಷ ಮರ್ಯಾದೆಯಿಂದ..."

ರಘುಪತಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಅವಳನ್ನೇ ನೋಡಿದ. "ಯಾರ ಮರ್ಯಾದೆ? ಪುಚ್ಚೆಯದ್ದಾ?"

ಅವನು ಅಂಗಿ ತೊಟ್ಟು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಮೊನ್ನೆಯಿಂದ ನಿನ್ನ ಮುಖ ಒಂದು ನಮೂನೆ ಉಂಟು. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದ್ದಿ. ನಾನು ಕೇಳ್ಲಿಲ್ಲ" ಎಂದು ಹೇಳಿ ಹೋದ. ಕೇಳಲಿಲ್ಲವೆಂಬುದನ್ನು ಉಪಕಾರದಂತೆ ಹೇಳಿದನೋ, ಅಥವಾ ಕೇಳಿದರೆ ಹೇಳುತ್ತಿದ್ದೆಯಾ ಎಂಬ ಅರ್ಥದಲ್ಲೋ! ಅವಳು ಬಚ್ಚಲು ತೊಳೆದಳು. ಬೆಕ್ಕಿಗೆ ನೀರಿಟ್ಟಳು, ಅದು ಮುಟ್ಟಲಿಲ್ಲ. ಊಟ ಮಾಡಿ ಹೋಗುವುದು ಎಂದುಕೊಂಡಳು. ಹೋಗುವುದು ನಿಶ್ಚಯವಾದ ಮೇಲೆ ಯಾವಾಗ ಹೋಗುವುದೆಂಬುದು ಅವಳ ಕೈಯಲ್ಲೇ ಇತ್ತು. ಆ ಸ್ವಾತಂತ್ರ್ಯವನ್ನು ಚೂರುಚೂರಾಗಿ ಬಳಸಿದಳು. ಕುಕ್ಕರಿನ ಮೂರು ಕೂಗು, ಒಂದು ಬಕೆಟ್ ಬಟ್ಟೆ, ಸೋಸಿಟ್ಟ ಬಸಳೆ. ಬೆಕ್ಕು ಆಗಾಗ ಆ ಗಂಟಲ ದನಿ ತೆಗೆಯುತ್ತಿತ್ತು. ಮಿಕ್ಸಿ ಹಾಕಿದಾಗ ಕೇಳಿಸುತ್ತಿರಲಿಲ್ಲ. ಹನ್ನೆರಡು ಐವತ್ತೆರಡಕ್ಕೆ, ತಟ್ಟೆಯ ಮುಂದೆ ಕೂತಿದ್ದಾಗ, ಗುಂಪಿಗೆ ಅಮಿತಾ ಬರೆದದ್ದು ಎರಡೇ ಶಬ್ದ: ಈಗ ಎರಡು.

ಕೈ ತೊಳೆದು ಎದ್ದಳು. ತಟ್ಟೆ ಹಾಗೆಯೇ ಇತ್ತು.

ಸೀವುಡ್ಸ್ ಮುಟ್ಟಿದಾಗ ಎರಡೂವರೆ. ಒಂಬತ್ತನೆಯ ಮಹಡಿಯ ಬಾಗಿಲು ತೆರೆದ ಅಮಿತಾಳ ಕಣ್ಣು ಊದಿಕೊಂಡಿತ್ತು, ತಲೆ ಬಾಚಿರಲಿಲ್ಲ. ಪಂಜರ ನೋಡಿದಳು, ವಾರಿಜಾಳನ್ನು ನೋಡಿದಳು. ದಾರಿಯುದ್ದಕ್ಕೂ ವಾರಿಜಾ ಮೊದಲ ವಾಕ್ಯವನ್ನು ಜೋಡಿಸುತ್ತ ಬಂದಿದ್ದಳು. ಅದನ್ನು ಹೇಳಲು ಜಾಗವೇ ಸಿಗಲಿಲ್ಲ.

"ಬನ್ನಿ ಆಂಟಿ. ಚಪ್ಪಲಿ ಇರ್ಲಿ, ಜಲ್ದಿ. ಬಾತ್‌ರೂಮಲ್ಲಿ ಇಟ್ಟಿದೀನಿ, ಹೀಟರ್ ಹತ್ರ."

ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಇಬ್ಬರೂ ನೆಲದ ಮೇಲೆ ಕೂತರು. ಅಮಿತಾ ಬಟ್ಟೆ ಸರಿಸಿದಳು. ಎಡಗಿವಿಯನ್ನು ನೋಡಿದಳು, ಬೋಳಿಸಿದ ಪಕ್ಕೆಯನ್ನು ನೋಡಿದಳು, ಬಾಲದ ಸೊಟ್ಟ ತುದಿಯನ್ನು ನೋಡಿದಳು. ಕಲಿಸಿಕೊಟ್ಟ ಕ್ರಮದಲ್ಲೇ ನೋಡಿದಳು. ಕೊನೆಗೆ ಪಂಜರವನ್ನು ಎತ್ತಿ ಅಡಿಯಿಂದ ಹೊಟ್ಟೆ ನೋಡಿ, "ಥೋಡಾ ಹೈ. ಮರಿ ಎಳೆದ್ರೆ ಬರುತ್ತೆ" ಎಂದಳು. ಪಂಜರದ ಬಾಗಿಲು ತೆರೆದಾಗ ಬೆಕ್ಕು ಅವರಿಬ್ಬರನ್ನೂ ದಾಟಿ ಟವೆಲಿನ ಪೆಟ್ಟಿಗೆಗೆ ಹೋಗಿ ಮೂಸಿತು. ಎರಡು ಮರಿಗಳು ಒದ್ದೆ ಕಾಲುಚೀಲಗಳಂತೆ ಬಿದ್ದಿದ್ದವು. ಅದು ಅವುಗಳ ಸುತ್ತ ಒಮ್ಮೆ ತಿರುಗಿ, ಪೆಟ್ಟಿಗೆಯಿಂದ ಹೊರಬಂದು ಬಕೆಟ್ಟಿನ ಹಿಂದೆ, ಕಮೋಡಿನ ಹಿಂದೆ, ಬಾಗಿಲ ಸಂದಿಯಲ್ಲಿ ಹುಡುಕಿತು. ಉಳಿದವುಗಳನ್ನು. ಅಮಿತಾ ಗೋಡೆಯ ಟೈಲುಗಳ ಕಡೆ ಮುಖ ತಿರುಗಿಸಿಕೊಂಡಳು. ಹಲವು ನಿಮಿಷಗಳ ಮೇಲೆ ಬೆಕ್ಕು ಪೆಟ್ಟಿಗೆಗೆ ಮರಳಿ, ಹೊಲಿಗೆಯ ಪಕ್ಕೆಯನ್ನು ಮೇಲೆ ಮಾಡಿ ಮಲಗಿತು. ದೊಡ್ಡ ಮರಿಯ ಬಾಯಿಯನ್ನು ಅಮಿತಾ ಮೊಲೆಗೆ ಒತ್ತಿ ಹಿಡಿದಳು. ಅದು ಎಳೆಯಿತು.

"ಅಮಿತಾ" ಎಂದಳು ವಾರಿಜಾ.

"ಗೊತ್ತು ಆಂಟಿ. ಗಿರಣಿ ಅಂದಾಗ್ಲೇ ಗೊತ್ತಿತ್ತು."

"ಗೊತ್ತಿದ್ರೆ ನಂಗೆ ಫೋನು ಮಾಡ್ಬಾರ್ದಿತ್ತಾ?"

ಅಮಿತಾ ತಿರುಗಿ ನೋಡಿದಳು. ಅವಳ ದನಿ ಏರಲಿಲ್ಲ. "ನೀವು ಎತ್ತಲ್ಲ ಅಲ್ವಾ." ಎರಡನೆಯ ಮರಿಯ ತಲೆಯನ್ನು ಬೆರಳಿನಿಂದ ಸರಿಮಾಡುತ್ತ, "ಗ್ರೂಪಲ್ಲಿ ಕಳಿಸಿದ್ದನ್ನ ಯಾರು ಎಷ್ಟು ಗಂಟೆಗೆ ಓದಿದ್ರು ಅಂತ ಕಳಿಸಿದವರಿಗೆ ಕಾಣ್ಸುತ್ತೆ. ನೀವು ಒಂಬತ್ತು ಹದಿನೈದಕ್ಕೆ ಓದಿದ್ರಿ. ತಬ್ ತೀನ್ ಥೇ, ಮೂರೂ ಇದ್ವು" ಎಂದಳು.

ನಲ್ಲಿ ತೊಟ್ಟಿಕ್ಕುತ್ತಿತ್ತು. ವಾರಿಜಾ ಹೇಳಬೇಕಾದದ್ದು ಒಂದೇ ವಾಕ್ಯ, ಅದು ಅವಳ ನಾಲಗೆಯ ಮೇಲೆ ಸಿದ್ಧವಾಗಿಯೂ ಇತ್ತು. ಆದರೆ ಗೊತ್ತಿರುವವರ ಮುಂದೆ ಒಪ್ಪಿಕೊಳ್ಳುವುದರಲ್ಲಿ ಏನಿದೆ? ಹೇಳಬೇಕಾದದ್ದು ಗೊತ್ತಿಲ್ಲದ ಇನ್ನೂರ ಹತ್ತು ಜನಕ್ಕೆ. ಅಮಿತಾಗೂ ಅದೇ ಹೊಳೆದಿರಬೇಕು. "ಸೋನಾಲಿ ಕೇಳ್ತಾನೇ ಇದಾಳೆ. ನೀವೇ ಬರೀರಿ, ನಾನೇನೂ ಬರೆಯಲ್ಲ" ಎಂದಳು. ವಾರಿಜಾ ಫೋನು ತೆಗೆದಳು. ಬರೆದಳು, ಅಳಿಸಿದಳು. ಮತ್ತೆ ಬರೆದಳು. ಕೊನೆಗೆ ಕಳಿಸಿದ್ದು: ತಾಯಿ ಸಿಕ್ಕಿದೆ, ಎರಡೂ ಮರಿ ಹಾಲು ಕುಡಿಯುತ್ತಿವೆ. ಒಂದಕ್ಷರವೂ ಸುಳ್ಳಿರಲಿಲ್ಲ. ಅಮಿತಾಳ ಫೋನು ವಾಷಿಂಗ್ ಮಷೀನಿನ ಮೇಲೆ ನಡುಗತೊಡಗಿತು, ನಿಂತು ನಿಂತು, ಹತ್ತು ಸಲ, ಹದಿನೈದು ಸಲ. ಅವಳು ಕೈ ಚಾಚಿ ಒಮ್ಮೆ ಓದಿ, ಮುಖ ಕೆಳಗೆ ಮಾಡಿ ಇಟ್ಟಳು. "ನಿಮ್ಮಂಥವರು ಇರೋದ್ರಿಂದ್ಲೇ ಈ ಜೀವಗಳು ಉಳಿಯೋದಂತೆ" ಎಂದಳು. ಅದರಲ್ಲಿ ವ್ಯಂಗ್ಯ ಇದ್ದಿದ್ದರೆ ವಾರಿಜಾ ತಡೆದುಕೊಳ್ಳುತ್ತಿದ್ದಳು. ದಣಿವು ಮಾತ್ರ ಇತ್ತು.

ಹೊರಡುವಾಗ ಅಮಿತಾ ಚಪ್ಪಲಿಯ ಒಂದು ಹಳೆಯ ರಟ್ಟಿನ ಪೆಟ್ಟಿಗೆ ತಂದಳು. "ಹನ್ನೆರಡು ನಲವತ್ತಕ್ಕೆ ಹೋಯ್ತು. ಇಲ್ಲಿ ಎಲ್ಲಾ ಕಡೆ ಪೇವರ್ ಬ್ಲಾಕು, ಮಣ್ಣೇ ಇಲ್ಲ. ಕೋಪರಿಯಲ್ಲಿ ನಿಮಗೆ ಜಾಗ ಸಿಗುತ್ತಲ್ಲ?" ವಾರಿಜಾ ಪೆಟ್ಟಿಗೆಯನ್ನು ಪಂಜರದೊಳಗೆ ಇಟ್ಟು, ಬಟ್ಟೆ ಹೊದಿಸಿದಳು. ಹನ್ನೆರಡು ನಲವತ್ತಕ್ಕೆ ತಾನು ಬಸಳೆಗೆ ಒಗ್ಗರಣೆ ಹಾಕುತ್ತಿದ್ದೆ ಎಂಬುದು ಲಿಫ್ಟಿನಲ್ಲಿ ನೆನಪಾಯಿತು. ಬೆಳ್ಳುಳ್ಳಿ ಸ್ವಲ್ಪ ಸೀದಿತ್ತು.

ಹಿಂದಿರುಗುವ ಗಾಡಿಯಲ್ಲಿ ಜನ ಕಡಿಮೆ. ಜುಯಿನಗರದಲ್ಲಿ ಹತ್ತಿದ ಹೆಂಗಸೊಬ್ಬಳು ಎದುರಿಗೆ ಕೂತು, ತರಕಾರಿ ಚೀಲವನ್ನು ಕಾಲಿನ ಬಳಿ ಇಟ್ಟು, "ಬಿಲ್ಲೀ ಹೈ ಕ್ಯಾ ಅಂದರ್? ಸೋ ರಹೀ ಹೈ?" ಎಂದು ಕೇಳಿದಳು.

"ಮರ್ ಗಯೀ" ಎಂದಳು ವಾರಿಜಾ.

"ಅರೇರೇ. ಕೈಸೇ?"

ವಾರಿಜಾ ಹೇಳಿದಳು. ತುರ್ಭೆ ದಾಟುವಾಗ ಸೋಮವಾರದ ಬಟ್ಟೆ, ಕೋಪರ್‌ಖೈರಣೆಯಲ್ಲಿ ಮನೀಶನ ಫೋನು. ಎತ್ತದೇ ಬಿಟ್ಟ ಗೋಣಿಚೀಲ, ಒಂಬತ್ತು ಹದಿನೈದು, ಹನ್ನೆರಡು ನಲವತ್ತು. ಹಿಂದಿ ಮುರಿದಲ್ಲಿ ಮರಾಠಿ ಸೇರಿಸಿ, ಯಾವುದನ್ನೂ ಬಿಡದೆ, ಯಾವುದಕ್ಕೂ ಕಾರಣ ಕೊಡದೆ ಹೇಳಿದಳು. ಇಷ್ಟು ಸಲೀಸಾಗಿ ಬರುತ್ತದೆಂದು ಅವಳು ಊಹಿಸಿರಲಿಲ್ಲ. ಹೆಂಗಸು ಚ್ಚ್ ಚ್ಚ್ ಎನ್ನುತ್ತ, ಕಣ್ಣು ಕದಲಿಸದೆ ಕೇಳಿದಳು. ರಬಾಳೆ ಬಂದಾಗ ಚೀಲ ಎತ್ತಿಕೊಂಡು ಎದ್ದು, ವಾರಿಜಾಳ ಭುಜದ ಮೇಲೆ ಕೈಯಿಟ್ಟು, "ಜಾನೇ ದೋ ಆಂಟಿ, ಬಿಲ್ಲೀ ಹೀ ತೋ ಥೀ" ಎಂದು, ಹೋದದ್ದು ಬರೀ ಬೆಕ್ಕು ತಾನೇ ಎಂಬಂತೆ ಮನಃಪೂರ್ವಕವಾಗಿಯೇ ಸಮಾಧಾನ ಹೇಳಿ ಇಳಿದುಹೋದಳು. ಐರೋಲಿ ದಾಟಿದ ಮೇಲೆ, ತನಗೆ ಹಗುರವಾಗಿದೆ ಎಂಬುದು ವಾರಿಜಾಳ ಅರಿವಿಗೆ ಬಂತು.